ಸ್ಟಾಫ್ ರೂಮಿಗೆ ಪಾಠ ಹೇಳಿದ ಹುಡುಗಿಯರು

ನನ್ನ ಅಣ್ಣನ ಮಗಳು ಸ್ವಾತಿ ಈ ವರ್ಷ ಜೆ.ಪಿ. ನಗರದ ಒಂದು ಶಾಲೆಗೆ ಟೀಚರಾಗಿ ಸೇರಿದ್ದಾಳೆ. ಮೊದಲ ವಾರ ಮುಗಿಸಿ ನಮ್ಮ ಮನೆಗೆ ಬಂದವಳು ಕಾಫಿ ಲೋಟ ಕೈಯಲ್ಲಿ ಹಿಡಿದು ಸುಮ್ಮನೆ ಕುಳಿತುಬಿಟ್ಟಳು. ಏನಾಯಿತೆಂದು ಕೇಳಿದೆ.

"ಅತ್ತೆ, ನನ್ ಕ್ಲಾಸ್ ಮಕ್ಕಳಿಗೆ ಕಂಪ್ಯೂಟರ್ ವಿಷ್ಯದಲ್ಲಿ ನನಗಿಂತ ಜಾಸ್ತಿ ಗೊತ್ತು. ಪ್ರೊಜೆಕ್ಟರ್ ಕೈ ಕೊಟ್ರೆ ಅವ್ರೇ ಎದ್ದು ಬಂದು ಸರಿ ಮಾಡ್ತಾರೆ. ನಾನ್ ಅಲ್ಲಿ ಯಾಕ್ ನಿಂತಿದೀನೋ ಅನ್ಸುತ್ತೆ."

ಆಗ ಅವಳಿಗೆ ನಾಲ್ಕು ಮಾತು ಸಮಾಧಾನ ಹೇಳಿ ಕಳಿಸಿದೆ. ಅದು ಸಾಲದು ಅನಿಸಿ ಈಗ ಬರೆಯಲು ಕುಳಿತಿದ್ದೇನೆ. ನಾನು ಬನಶಂಕರಿ ಎರಡನೇ ಹಂತದ ಒಂದು ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದವಳು. ಸ್ಟೆನ್ಸಿಲ್ ಕೊರೆದು ಮಸಿ ಬಳಿದು ಪ್ರಶ್ನೆಪತ್ರಿಕೆ ತೆಗೆಯುವ ಕಾಲದಲ್ಲಿ ಕೆಲಸಕ್ಕೆ ಸೇರಿದೆ. ಫೋನಿನಲ್ಲಿ ಹಾಜರಿ ಹಾಕುವ ಕಾಲದಲ್ಲಿ ಹೊರಬಂದೆ. ಅದೆಲ್ಲವನ್ನೂ ಹೇಳಲು ಹೊರಟರೆ ಮುಗಿಯದು. ಕೊನೆಯ ಎರಡು ವರ್ಷಗಳಲ್ಲಿ ನಡೆದದ್ದನ್ನು ಮಾತ್ರ ಹೇಳುತ್ತೇನೆ, ಯಾಕೆಂದರೆ ಮೇಷ್ಟರ ಕೆಲಸ ಏನೆಂದು ನನಗೆ ಸರಿಯಾಗಿ ತಿಳಿದದ್ದು ಆಗಲೇ.

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರು ಸೇರಿ ಒಂದು ಸ್ಮಾರ್ಟ್ ಬೋರ್ಡ್ ಕೊಡಿಸಿದರು. ಟೆಂಪೊದಿಂದ ಇಳಿಸಿ ಒಂಬತ್ತನೇ ತರಗತಿಯ ಗೋಡೆಗೆ ಕೂರಿಸಿದ ಮೇಲೆ ಆಡಳಿತ ಮಂಡಳಿಯ ಕಾರ್ಯದರ್ಶಿ ಚಿಕ್ಕಣ್ಣನವರು ಅದರ ಮೂಲೆಗೆ ಕುಂಕುಮ ಇಟ್ಟು, ಬಾಗಿಲಲ್ಲಿ ಕಾಯಿ ಒಡೆದರು. ಶಾಲೆ ನಿಂತಿರುವ ಜಾಗ ಅವರ ತಂದೆ ಕೊಟ್ಟದ್ದು. ಒಂದು ಕಾಲಕ್ಕೆ ಅದು ಅವರ ಮನೆಯ ಅವರೆ ಹೊಲವಾಗಿತ್ತಂತೆ. ಹಾಗಾಗಿ ಶಾಲೆಯಲ್ಲಿ ಒಂದು ಮೊಳೆ ಹೊಡೆದರೂ ಅವರು ಬಂದು ನೋಡುತ್ತಿದ್ದರು.

ಬೋರ್ಡಿನ ಜೊತೆಗೆ ಕಂಪನಿಯವರು ಒಬ್ಬ ಹುಡುಗನನ್ನೂ ಕಳಿಸಿದ್ದರು, ನಮಗೆ ತರಬೇತಿ ಕೊಡಲು. ಅವನು ಮುಟ್ಟಿದಲ್ಲೆಲ್ಲ ಚಿತ್ರಗಳು ಅರಳಿದವು, ಹೃದಯ ಬಡಿಯಿತು, ಗ್ರಹಗಳು ತಿರುಗಿದವು. ಮಧ್ಯಾಹ್ನದೊಳಗೆ ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿ ಮುಗಿಸಿ, "ಎನಿ ಡೌಟ್ಸ್?" ಎಂದ. ಸಂದೇಹ ಬರಬೇಕಾದರೂ ಸ್ವಲ್ಪ ಅರ್ಥವಾಗಿರಬೇಕಲ್ಲ. ಅವನು ಸಂತೋಷದಿಂದ ಊಟ ಮಾಡಿ ಹೊರಟುಹೋದ. ಮಾರನೆಯ ದಿನದಿಂದ ಬೋರ್ಡಿಗೆ ಧೂಳು ಕೂರಬಾರದೆಂದು ಹೊಲಿಗೆ ಟೀಚರು ಒಂದು ಹಳೆಯ ಬೆಡ್‌ಶೀಟ್ ಹೊದಿಸಿದರು. ಅದು ಹಾಗೇ ಹೊದ್ದು ಮಲಗಿತು.

ಬೆಡ್‌ಶೀಟ್ ಮೊದಲು ತೆಗೆದವಳು ನಾನೇ, ಅದೂ ಧೈರ್ಯದಿಂದಲ್ಲ. ಮುಖ್ಯೋಪಾಧ್ಯಾಯಿನಿ ಶಶಿಕಲಾ ಮೇಡಂ ಒಂದು ಬೆಳಿಗ್ಗೆ, "ಪಾರ್ವತಿಯವರೇ, ಇವತ್ತು ನಿಮ್ಮ ವ್ಯಾಕರಣದ ಪಾಠ ಅದರ ಮೇಲೆ ನಡೀಲಿ, ನಾನೂ ಬಂದು ಕೂತ್ಕೋತೀನಿ" ಎಂದರು. ಅವರು ಕಡಿಮೆ ಮಾತಿನವರು. ಹೇಳಿದ ಮೇಲೆ ಆಯಿತು. ನಾನು ವರ್ಷಗಟ್ಟಲೆ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಸಮಾಸಗಳ ಪಾಠವನ್ನು ಪೆನ್‌ಡ್ರೈವಿನಲ್ಲಿ ತಂದು ಬೋರ್ಡಿಗೆ ಹಾಕಿಸಿದೆ. ಪರದೆಯ ಮೇಲೆ ಬಂದದ್ದು ಕನ್ನಡವಲ್ಲ. ಇಂಗ್ಲಿಷ್ ಅಕ್ಷರ, ಪ್ರಶ್ನಾರ್ಥಕ ಚಿಹ್ನೆ, ತಲೆಕೆಳಗಾದ ಕೊಂಬುಗಳು ಸೇರಿದ ಒಂದು ಕಲಸುಮೇಲೋಗರ. ಮಕ್ಕಳು ನಗು ತಡೆಯಲು ತುಟಿ ಕಚ್ಚಿಕೊಂಡು ಕೂತರು. ಹಿಂದಿನ ಬೆಂಚಿನಲ್ಲಿದ್ದ ಶಶಿಕಲಾ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು.

ಆಗ ಕಿಟಕಿ ಪಕ್ಕದ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಹೆಸರು ಭೂಮಿಕಾ. ಸುಬ್ರಹ್ಮಣ್ಯಪುರದಲ್ಲಿ ಅವಳ ತಾಯಿ ಒಂದು ಜೆರಾಕ್ಸ್ ಮತ್ತು ಸೈಬರ್ ಅಂಗಡಿ ನಡೆಸುತ್ತಿದ್ದರು. ರೇಷನ್ ಕಾರ್ಡು, ಜಾತಿ ಪ್ರಮಾಣಪತ್ರ, ಪಿಂಚಣಿ ಅರ್ಜಿ, ಹೀಗೆ ಆ ಕಡೆಯ ಜನರೆಲ್ಲ ಅವರ ಅಂಗಡಿಗೇ ಬರುತ್ತಿದ್ದದ್ದು.

"ಮಿಸ್, ಅದು ಫಾಂಟ್ ಪ್ರಾಬ್ಲಂ. ನಿಮ್ ಕಂಪ್ಯೂಟರಲ್ಲಿ ಇರೋ ಅಕ್ಷರ ಇದ್ರಲ್ಲಿ ಇಲ್ಲ."

"ಸರಿ, ಬಂದು ಸರಿ ಮಾಡಮ್ಮ" ಎಂದೆ.

ಅವಳು ಬಂದಳು. ಆದರೆ ಏನನ್ನೂ ಮುಟ್ಟಲಿಲ್ಲ, ಕೈ ಹಿಂದೆ ಕಟ್ಟಿಕೊಂಡು ನಿಂತಳು. "ನಾನ್ ಹೇಳ್ತೀನಿ ಮಿಸ್, ನೀವೇ ಮಾಡಿ" ಎಂದಳು.

"ನೀನೇ ಮಾಡಿಬಿಟ್ರೆ ಬೇಗ ಆಗಲ್ವಾ?"

"ಆಗುತ್ತೆ. ಅಂಗಡೀಲಿ ನಾವೇ ಮಾಡ್ಕೊಡ್ತೀವಿ ಮಿಸ್, ಗಿರಾಕಿಗಳು ಮತ್ತೆ ಬರ್ಬೇಕಲ್ಲ. ನೀವ್ ಇದಕ್ಕೆ ಮತ್ತೆ ನನ್ ಹತ್ರ ಬರ್ಬಾರ್ದು."

ಇಡೀ ತರಗತಿ ನಕ್ಕಿತು. ನಾನೂ ನಕ್ಕೆ. ಆ ಪೀರಿಯಡ್ಡು ಪೂರ್ತಿ ಅದಕ್ಕೇ ಹೋಯಿತು. ಫೈಲನ್ನು ಹೊಸ ಅಕ್ಷರಕ್ಕೆ ಹೇಗೆ ಬದಲಿಸುವುದು, ಬದಲಿಸಿದ ಮೇಲೆ ಅರ್ಕಾವತ್ತು ಎಲ್ಲಿ ದಾರಿ ತಪ್ಪುತ್ತದೆ, ಅದನ್ನು ಹೇಗೆ ತಿದ್ದುವುದು, ಎಲ್ಲವನ್ನೂ ಅವಳು ಹೇಳಿದಳು, ನಾನು ಮಾಡಿದೆ. ನನ್ನ ಬೆರಳು ತಪ್ಪು ಗುಂಡಿಯ ಮೇಲೆ ಹೋದಾಗ ಅವಳು "ಅದಲ್ಲ" ಎನ್ನುತ್ತಿರಲಿಲ್ಲ. "ಇನ್ನೊಂದ್ಸಲ ನೋಡಿ" ಎನ್ನುತ್ತಿದ್ದಳು. ನಾನು ಬಿ.ಎಡ್. ಓದುವಾಗ ಇದನ್ನು ದಪ್ಪ ಪುಸ್ತಕಗಳಲ್ಲಿ ಓದಿದ್ದೆ. ಹದಿನಾಲ್ಕು ವರ್ಷದ ಹುಡುಗಿ ಅದನ್ನು ಅಂಗಡಿಗೆ ಫೋನು ಕಲಿಯಲು ಬರುವ ವಯಸ್ಸಾದ ಗಿರಾಕಿಗಳಿಂದ ಕಲಿತಿದ್ದಳು.

ಸಂಜೆ ಸ್ಟಾಫ್ ಮೀಟಿಂಗಿನಲ್ಲಿ ಶಶಿಕಲಾ ಮೇಡಂ ಒಂದೇ ವಾಕ್ಯದಲ್ಲಿ ತೀರ್ಮಾನ ಹೇಳಿದರು. ನಾಳೆಯಿಂದ ಊಟದ ಬಿಡುವಿನಲ್ಲಿ ಒಂಬತ್ತನೇ ತರಗತಿಯ ಹುಡುಗಿಯರು ನಮಗೆ ಕಲಿಸುತ್ತಾರೆ, ಒಬ್ಬೊಬ್ಬ ಟೀಚರಿಗೆ ಒಬ್ಬೊಬ್ಬಳು.

ಸಮಾಜ ವಿಜ್ಞಾನದ ಗೋಪಾಲಯ್ಯ ಸರ್ ಅಲ್ಲೇ ಎದ್ದುನಿಂತರು. ಅವರ ಪಾಠವೆಂದರೆ ಮಕ್ಕಳಿಗೆ ಜೀವ, ಆದರೆ ಮರ್ಯಾದೆಯ ವಿಷಯದಲ್ಲಿ ಬಹಳ ಬಿಗಿ. "ಮೇಡಂ, ಇವತ್ತು ಮಕ್ಕಳ ಮುಂದೆ ಗೊತ್ತಿಲ್ಲ ಅಂತ ಕೂತ್ರೆ ನಾಳೆ ಕ್ಲಾಸಲ್ಲಿ ನಮ್ ಮಾತು ಯಾರು ಕೇಳ್ತಾರೆ?"

"ಗೊತ್ತಿಲ್ಲ ಅಂತ ಅವರಿಗೆ ಈಗಾಗ್ಲೇ ಗೊತ್ತು ಸಾರ್" ಎಂದರು ಶಶಿಕಲಾ ಮೇಡಂ. "ಬೆಡ್‌ಶೀಟ್ ಹೊದಿಸಿರೋದನ್ನ ದಿನಾ ನೋಡ್ತಿದಾರೆ."

ಹೀಗೆ ಶುರುವಾಯಿತು. ಮೊದಮೊದಲು ಹುಡುಗಿಯರಿಗೂ ಸಂಕೋಚ, ನಮಗೂ ಸಂಕೋಚ. ಅವರು ನಿಂತು ಹೇಳುತ್ತಿದ್ದರು, ನಾವು ಕುಳಿತು ಕೇಳುತ್ತಿದ್ದೆವು. ಆಮೇಲೆ ಅವರಿಗೂ ಕುರ್ಚಿ ಬಂತು. ಆಮೇಲೆ ಅವರ ಡಬ್ಬಿಯ ಚಿತ್ರಾನ್ನಕ್ಕೂ ನಮ್ಮ ಡಬ್ಬಿಯ ಚಪಾತಿಗೂ ವಿನಿಮಯ ನಡೆಯಿತು. ಆಗ ಕಲಿಕೆ ತಾನಾಗಿ ವೇಗ ಹಿಡಿಯಿತು.

ಗೋಪಾಲಯ್ಯ ಸರ್‌ಗೆ ಸಿಕ್ಕವಳು ಕೋಣನಕುಂಟೆಯ ಲಾವಣ್ಯ, ಹಳೆಯ ಊರಿನ ಮನೆತನದವಳು. ಹದಿನೈದು ದಿನ ಅವರು ಅವಳ ಜೊತೆ ಮುಖ ಗಂಟು ಹಾಕಿಕೊಂಡೇ ಕೂತರು. ಒಂದು ದಿನ ಅವಳು ಅವರಿಗೆ ಉಪಗ್ರಹದ ನಕ್ಷೆ ತೆಗೆಯುವುದನ್ನು ತೋರಿಸಿದಳು, ಅದರಲ್ಲೇ ಹಿಂದಿನ ವರ್ಷಗಳ ಚಿತ್ರಕ್ಕೆ ಹೋಗುವುದನ್ನೂ ಹೇಳಿಕೊಟ್ಟಳು. ಸರ್ ಒಂದೊಂದೇ ವರ್ಷ ಹಿಂದೆ ಹೋದರು. ಅಪಾರ್ಟ್‌ಮೆಂಟುಗಳು ಒಂದೊಂದಾಗಿ ಮಾಯವಾದವು, ರಸ್ತೆಗಳು ಸಪೂರವಾದವು, ಹಸಿರು ಹಬ್ಬುತ್ತ ಬಂತು. "ಅಲ್ಲಿ ನಿಲ್ಸಿ ಸಾರ್" ಎಂದಳು ಲಾವಣ್ಯ. ಖಾಲಿ ಜಾಗದ ಮಧ್ಯೆ ಒಂದು ತಿಳಿ ಬಣ್ಣದ ಚೌಕ ಕಾಣುತ್ತಿತ್ತು. "ಅದು ನಮ್ ಕಣ. ನಮ್ಮಜ್ಜಿ ಅಲ್ಲೇ ರಾಗಿ ಒಣಗಿಸ್ತಿದ್ರು. ನಾನ್ ನೋಡೇ ಇರ್ಲಿಲ್ಲ, ಬರೀ ಕೇಳಿದ್ದೆ."

ಮಾರನೆಯ ದಿನ ಆ ನಕ್ಷೆ ತರಗತಿಯ ಬೋರ್ಡಿನ ಮೇಲೆ ಬಂತು. ನಗರೀಕರಣ ಎಂಬ ಪಾಠವನ್ನು ಗೋಪಾಲಯ್ಯ ಸರ್ ಎಷ್ಟೋ ವರ್ಷದಿಂದ ಮಾಡುತ್ತಿದ್ದರು. ಆ ದಿನ ಮಾತ್ರ ಮಕ್ಕಳು ಬೆಲ್ ಆದರೂ ಏಳಲಿಲ್ಲ. ಪ್ರತಿಯೊಬ್ಬಳಿಗೂ ತನ್ನ ಮನೆಯ ಜಾಗದಲ್ಲಿ ಹಿಂದೆ ಏನಿತ್ತೆಂದು ನೋಡಬೇಕಾಗಿತ್ತು. ಸ್ಟಾಫ್ ರೂಮಿಗೆ ಬಂದ ಸರ್ ನೀರು ಕುಡಿದು, "ಆ ಹುಡುಗಿಗೆ ನಾಳೆ ನಾನೇ ತಿಂಡಿ ತರ್ತೀನಿ" ಎಂದರು. ಅವರ ಬಾಯಲ್ಲಿ ಅದು ದೊಡ್ಡ ಮಾತು.

ನನ್ನದೂ ಒಂದು ಗೆಲುವು ಇದೆ, ಹೇಳದೆ ಬಿಡಲಾರೆ. ಭೂಮಿಕಾ ಒಂದು ದಿನ ಫೋನಿಗೆ ಬಾಯಲ್ಲಿ ಹೇಳಿ ಕನ್ನಡ ಬರೆಸುವುದನ್ನು ಕಲಿಸಲು ಕುಳಿತಳು. ಮಾದರಿಗೆ ತಾನೇ ಒಂದು ವಾಕ್ಯ ಹೇಳಿದಳು. ಹಳ್ಳ ಎಂದದ್ದು ಅಲ್ಲ ಎಂದಾಯಿತು, ಹಾಲು ಎಂದದ್ದು ಆಲೂ ಎಂದಾಯಿತು. ಮೂರು ಸಲ ಹೇಳಿದರೂ ಅಷ್ಟೇ. "ಇದು ಸರಿ ಇಲ್ಲ ಮಿಸ್, ನೀವ್ ಟೈಪೇ ಮಾಡಿ" ಎಂದಳು. ನಾನು ಫೋನು ಇಸಿದುಕೊಂಡು, "ಹಳ್ಳದ ಹಾದಿಯಲ್ಲಿ ಹಳೆಯ ಆಲದ ಮರದ ನೆರಳು" ಎಂದೆ. ಒಂದಕ್ಷರ ತಪ್ಪದೆ ಬಂತು. ಮತ್ತೆ ಒಂದು ಪ್ಯಾರಾ ಹೇಳಿದೆ. ಅದೂ ಬಂತು. ಭೂಮಿಕಾ ಫೋನನ್ನೂ ನನ್ನನ್ನೂ ನೋಡಿದಳು.

"ಫೋನ್ ಸರಿಯಾಗೇ ಇದೆ ಕಣಮ್ಮ" ಎಂದೆ. "ಹಕಾರ ನೀನು ಹೇಳೋದೇ ಇಲ್ಲ."

ಅಂದಿನಿಂದ ನನ್ನ ಮೇಜಿನ ಸುತ್ತ ಹೊಸ ಆಟ ಶುರುವಾಯಿತು. ಯಾರ ಕನ್ನಡವನ್ನು ಫೋನು ತಪ್ಪಿಲ್ಲದೆ ಬರೆದುಕೊಳ್ಳುತ್ತದೆ ಎಂಬ ಪಂದ್ಯ. ಲ-ಳ ವ್ಯತ್ಯಾಸಕ್ಕೆ ಜೀವನವಿಡೀ ಗಂಟಲು ಹರಿದುಕೊಂಡವಳು ನಾನು. ಆಗ ಕಿವಿಗೆ ಹಾಕಿಕೊಳ್ಳದ ಹುಡುಗಿಯರು ಈಗ ತಾವಾಗಿ ಬಂದು, "ಮಿಸ್, ನಾಲಿಗೆ ಎಲ್ಲಿಡ್ಬೇಕು ತೋರ್ಸಿ" ಎಂದು ಕೇಳತೊಡಗಿದರು.

ಇಷ್ಟೆಲ್ಲ ನಡೆಯುವಾಗ ಒಬ್ಬರು ಮಾತ್ರ ದೂರವೇ ಉಳಿದರು. ಗಣಿತದ ನಾಗರತ್ನ ಮಿಸ್.

ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿ ಅವರದು. ಕೈವಾರವಿಲ್ಲದೆ ಕಪ್ಪುಹಲಗೆಯ ಮೇಲೆ ತೋಳು ಒಮ್ಮೆ ಬೀಸಿದರೆ ವೃತ್ತ ಬರುತ್ತಿತ್ತು. ಒಂಬತ್ತು, ಹತ್ತನೇ ತರಗತಿಗಳ ಗಣಿತ ಅವರ ಕೈಯಲ್ಲೇ ಇತ್ತು. ಮಕ್ಕಳನ್ನು ಪಾಸು ಮಾಡಿಸುವುದರಲ್ಲಿ ಅವರ ಸಮ ಯಾರೂ ಇರಲಿಲ್ಲ. ಇತ್ತೀಚೆಗೆ ಅವರ ಕಣ್ಣು ಮಂಜಾಗುತ್ತ ಬಂದಿತ್ತು. ನನಗೆ ಮಾತ್ರ ಹೇಳಿದ್ದರು. ಕಣ್ಣಿನೊಳಗಿನ ಪರದೆಯ ಮಧ್ಯಭಾಗ ಹಾಳಾಗಿದೆ, ವಾಸಿಯಾಗುವುದಿಲ್ಲ, ಅಂಚಿನ ನೋಟ ಉಳಿಯುತ್ತದೆ ಎಂದಿದ್ದರಂತೆ ಡಾಕ್ಟರು. ನಿವೃತ್ತಿಗೆ ಇನ್ನೂ ಸಮಯವಿತ್ತು. ವಿಷಯ ತಿಳಿದರೆ ತಮ್ಮಿಂದ ತರಗತಿ ಕಿತ್ತುಕೊಳ್ಳುತ್ತಾರೆಂಬ ಭಯ. ಸುತ್ತೋಲೆ ಬಂದರೆ ನಾನು ಮೆಲ್ಲನೆ ಓದಿ ಹೇಳುತ್ತಿದ್ದೆ. ತರಗತಿಯಲ್ಲಿ ಅವರು ನೆನಪಿನಿಂದಲೇ ನಡೆಸುತ್ತಿದ್ದರು. ಆದರೆ ಮಕ್ಕಳ ನೋಟ್‌ಬುಕ್ ತಿದ್ದುವುದನ್ನು ನೆನಪಿನಿಂದ ಮಾಡಲಾಗುವುದಿಲ್ಲವಲ್ಲ.

ಅದೇ ಸಮಯಕ್ಕೆ ಚಿಕ್ಕಣ್ಣನವರು ಒಂದು ಹೊಸ ಯೋಜನೆ ತಂದರು. ಒಂದು ಕಂಪನಿಯವರು ಗಣಿತದ ಪಾಠಗಳನ್ನೆಲ್ಲ ವಿಡಿಯೊ ಮಾಡಿಟ್ಟಿದ್ದಾರೆ, ಬೋರ್ಡಿಗೆ ಹಾಕಿದರೆ ಸಾಕು, ಎರಡು ವಿಭಾಗಗಳನ್ನು ಒಂದೇ ಕಡೆ ಕೂರಿಸಬಹುದು, ನೋಡಿಕೊಳ್ಳಲು ಯಾರಾದರೊಬ್ಬರು ಇದ್ದರಾಯಿತು. "ನಾಗರತ್ನ ಮೇಡಮ್ಮೋರಿಗೂ ವಯಸ್ಸಾಯ್ತು. ಲೈಬ್ರರಿಲಿ ಆರಾಮಾಗಿ ಕೂತ್ಕೊಳ್ಳಿ ಪಾಪ" ಎಂದರು. ಅವರ ಮಾತಿನಲ್ಲಿ ಕೆಡುಕಿರಲಿಲ್ಲ. ಅದಕ್ಕೇ ಉತ್ತರ ಕೊಡುವುದು ಕಷ್ಟವಾಯಿತು. ಮುಂದಿನ ತಿಂಗಳು ಕಂಪನಿಯವರು ಬಂದು ಒಂದು ಪಾಠ ತೋರಿಸುತ್ತಾರೆ, ಅದೇ ದಿನ ನಮ್ಮವರೂ ಒಂದು ಪಾಠ ಮಾಡಿ ತೋರಿಸಲಿ, ಮಂಡಳಿಯವರು ನೋಡಿ ತೀರ್ಮಾನಿಸುತ್ತಾರೆ ಎಂದಾಯಿತು.

ನಾಗರತ್ನ ಮಿಸ್ ಆ ದಿನ ಊಟದ ಡಬ್ಬಿ ತೆರೆಯಲಿಲ್ಲ. "ರೀ ಪಾರ್ವತಿ, ಲೈಬ್ರರಿ ಪುಸ್ತಕದ ಹೆಸರೂ ನನಗೆ ಕಾಣಲ್ಲ. ಅಲ್ಲಿ ಕೂತು ಏನ್ ಮಾಡ್ಲಿ?" ಎಂದರು.

ನಾನು ಭೂಮಿಕಾಳಿಗೆ ಏನೂ ಹೇಳಿರಲಿಲ್ಲ. ಎರಡು ದಿನದ ಮೇಲೆ ಅವಳೇ ನನ್ನನ್ನು ಕಾರಿಡಾರಿನಲ್ಲಿ ನಿಲ್ಲಿಸಿದಳು. "ಮಿಸ್, ನಾಗರತ್ನ ಮಿಸ್‌ಗೆ ನೇರ ಕಾಣಲ್ಲ ಅಲ್ವಾ? ಮಾತಾಡುವಾಗ ನಮ್ ಮುಖ ನೋಡಲ್ಲ, ಕಿವಿ ಹತ್ರ ನೋಡ್ತಾರೆ. ಕೋಪ ಅಂದ್ಕೊಂಡಿದಾರೆ ಎಲ್ರೂ. ನಮ್ ಅಂಗಡಿಗೆ ಪಿಂಚಣಿ ತಾತ ಒಬ್ರು ಬರ್ತಾರೆ, ಅವ್ರೂ ಹೀಗೇ ಓರೆಯಾಗಿ ನೋಡೋದು. ಅವ್ರ ಫೋನ್ ನಾನ್ ಸೆಟ್ ಮಾಡ್ಕೊಟ್ಟಿದೀನಿ. ಈಗ ಪೇಪರ್ ಓದ್ತಾರೆ."

ಅವಳನ್ನು ಕರೆದುಕೊಂಡು ನಾಗರತ್ನ ಮಿಸ್ ಹತ್ತಿರ ಹೋದೆ. ಅವರಿಗೆ ಮೊದಲು ಸಿಟ್ಟು ಬಂತು, ಆಮೇಲೆ ಕಣ್ಣಲ್ಲಿ ನೀರು ಬಂತು. ಎರಡೂ ಮುಗಿಯುವವರೆಗೆ ಭೂಮಿಕಾ ಕಾದಳು. ಕೊನೆಗೆ, "ಮಿಸ್, ನಿಮ್ ಫೋನ್ ಕೊಡ್ಬೇಡಿ, ಕೈಲೇ ಇಟ್ಕೊಳ್ಳಿ. ನಾನ್ ಹೇಳ್ತೀನಿ" ಎಂದಳು.

ಮೊದಲು ಫೋನಿನ ಪರದೆ ಕಪ್ಪಾಯಿತು, ಅಕ್ಷರಗಳು ಹಳದಿಯಾಗಿ ಹೆಬ್ಬೆರಳಿನಷ್ಟು ದಪ್ಪವಾದವು. ನಾಗರತ್ನ ಮಿಸ್ ಮುಖವನ್ನು ಸ್ವಲ್ಪ ಓರೆ ಮಾಡಿ, ತಮ್ಮ ಮಗಳು ಬೆಳಿಗ್ಗೆ ಕಳಿಸಿದ್ದ ಸಂದೇಶವನ್ನು ಅಕ್ಷರ ಅಕ್ಷರವಾಗಿ ಓದಿದರು. ಆಮೇಲೆ ಮತ್ತೊಂದು ಸಲ ಓದಿದರು. ತುಂಬ ದಿನದಿಂದ ಮಗಳ ಸಂದೇಶಗಳನ್ನು ಅವರಿಗೆ ಬೇರೆಯವರು ಓದಿ ಹೇಳುತ್ತಿದ್ದರು.

ಮುಂದಿನದು ಭೂಮಿಕಾಳ ಸ್ವಂತ ಬುದ್ಧಿ. ಫೋನಿನ ಕ್ಯಾಮೆರಾವನ್ನು ಬೋರ್ಡಿಗೆ ಸೇರಿಸಿದಳು. ಮೇಜಿನ ಮೇಲೆ ಒಬ್ಬಳ ನೋಟ್‌ಬುಕ್ ಇಟ್ಟು ಫೋನು ಹಿಡಿದರೆ, ಆ ಪುಟ ಗೋಡೆಯಷ್ಟು ಅಗಲವಾಗಿ ಎದುರಿಗೆ ನಿಲ್ಲುತ್ತಿತ್ತು. ಒಂದೊಂದು ಅಂಕೆ ತಂಬಿಗೆಯಷ್ಟು ದೊಡ್ಡದು. ನಾಗರತ್ನ ಮಿಸ್ ಎರಡು ಹೆಜ್ಜೆ ಹಿಂದೆ ಹೋಗಿ ನಿಂತು ನೋಡಿದರು. "ಮೂರನೇ ಸಾಲಲ್ಲಿ ಋಣ ಚಿಹ್ನೆ ಬಿಟ್ಟಿದಾಳೆ" ಎಂದರು.

ಬೋರ್ಡಿನ ಮೇಲೆ ಬಂದದ್ದು ಭೂಮಿಕಾಳದೇ ನೋಟ್‌ಬುಕ್. ಹುಡುಗಿ ಎಲ್ಲದರಲ್ಲೂ ಚುರುಕು, ಗಣಿತ ಮಾತ್ರ ಆಗದು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಫೇಲಾಗಿದ್ದಳು. ಅಲ್ಲಿಂದ ಊಟದ ಬಿಡುವಿನಲ್ಲಿ ಎರಡು ಪಾಠ ನಡೆಯಿತು. ಮೊದಲರ್ಧ ಭೂಮಿಕಾ ಟೀಚರು, ಉಳಿದರ್ಧ ನಾಗರತ್ನ ಮಿಸ್ ಟೀಚರು. ನಾನು ಪಕ್ಕದಲ್ಲಿ ಕುಳಿತು ಮೊಸರನ್ನ ತಿನ್ನುತ್ತ ಕೇಳುತ್ತಿದ್ದೆ. ಒಂದು ದಿನ ನಾಗರತ್ನ ಮಿಸ್ ಹೇಳಿದ ಮಾತು ಈಗಲೂ ನನ್ನ ಕಿವಿಯಲ್ಲಿದೆ.

"ನೋಡು, ನನಗೆ ಫೋನ್ ಹೇಳಿಕೊಡುವಾಗ ನೀನು ಒಂದ್ ಮೆಟ್ಲೂ ಹಾರಲ್ಲ. ಇದು ಒತ್ತಿ, ಆಮೇಲೆ ಇದು, ಆಮೇಲೆ ಇದು ಅಂತೀಯ. ಲೆಕ್ಕ ಮಾಡುವಾಗ ಮಾತ್ರ ಯಾಕ್ ಹಾರ್ತೀಯ? ಈ ಲೆಕ್ಕಾನ ನಿಮ್ ಅಂಗಡಿ ತಾತನಿಗೆ ಹೇಳಿಕೊಡೋ ಹಾಗೆ ಬರಿ."

ಭೂಮಿಕಾ ಹಾಗೇ ಬರೆದಳು. ಪುಟ ತುಂಬಿತು, ಉತ್ತರ ಸರಿ ಬಂತು. ಅವಳು ಅದನ್ನು ನಂಬದೆ ಪುಸ್ತಕದ ಹಿಂದಿನ ಉತ್ತರ ತೆಗೆದು ನೋಡಿದಳು.

ಕಂಪನಿಯವರು ಬರುವ ದಿನ ಬಂತು. ಒಂಬತ್ತನೇ ತರಗತಿಯ ಹಿಂದಿನ ಸಾಲಿನಲ್ಲಿ ಮಂಡಳಿಯವರು, ಕೆಲವು ತಾಯಂದಿರು, ನಾವು ಕುಳಿತೆವು. ಮೊದಲು ಅವರ ವಿಡಿಯೊ. ಚೆನ್ನಾಗಿಯೇ ಇತ್ತು, ಬಣ್ಣ, ಸಂಗೀತ, ಸ್ಪಷ್ಟ ಮಾತು. ಮಕ್ಕಳು ಕೈಕಟ್ಟಿ ಕುಳಿತು ನೋಡಿದರು. ಚಿಕ್ಕಣ್ಣನವರು ತಲೆದೂಗಿದರು.

ಆಮೇಲೆ ನಾಗರತ್ನ ಮಿಸ್ ಎದ್ದರು. ರೇಷ್ಮೆಯಲ್ಲ, ದಿನಾ ಉಡುವ ನೂಲಿನ ಸೀರೆ. ಮಕ್ಕಳ ಕಡೆಗಲ್ಲ, ಹಿಂದಿನ ಸಾಲಿನ ಕಡೆಗೆ ತಿರುಗಿ ಮಾತಾಡಿದರು.

"ಪಾಠಕ್ಕೆ ಮೊದಲು ಒಂದ್ ಮಾತು. ನನಗೆ ನೇರ ನೋಟ ಹೋಗಿದೆ. ಅಂಚಿನಲ್ಲಿ ಕಾಣುತ್ತೆ. ಇಷ್ಟು ದಿನ ಹೇಳಿರ್ಲಿಲ್ಲ. ಈಗ ಹೇಳ್ತಿದೀನಿ, ಯಾಕಂದ್ರೆ ಪಾಠ ಮಾಡೋಕೆ ಅದು ಅಡ್ಡ ಬರಲ್ಲ ಅಂತ ನನಗೆ ಗೊತ್ತಾಗಿದೆ. ಅಡ್ಡ ಬರುತ್ತೋ ಇಲ್ವೋ ನೀವೇ ನೋಡಿ."

ಅವರು ಇದನ್ನು ಎಲ್ಲರೆದುರು ಹೇಳುತ್ತಾರೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಶಶಿಕಲಾ ಮೇಡಂ ನನ್ನ ಕೈ ಹಿಡಿದುಕೊಂಡರು.

ಅವರು ಒಂದು ನೋಟ್‌ಬುಕ್ ತೆಗೆದು, ಹೆಸರು ಕಾಣದಂತೆ ಮಡಿಸಿ, ಫೋನಿನ ಕೆಳಗಿಟ್ಟರು. ಪುಟ ಬೋರ್ಡಿನ ಮೇಲೆ ಬಂತು. ತ್ರಿಭುಜದ ವಿಸ್ತೀರ್ಣದ ಲೆಕ್ಕ. "ಇದು ತಪ್ಪು. ಎಲ್ಲಿ ತಪ್ಪಿದೆ?" ಎಂದರು. ಒಂದು ಕೈ ಎದ್ದಿತು, ಆಮೇಲೆ ಹತ್ತು ಕೈ. ಒಬ್ಬಳು ಹೇಳಿದ್ದನ್ನು ಇನ್ನೊಬ್ಬಳು ಒಪ್ಪಲಿಲ್ಲ. ವಾದ ಹತ್ತಿತು. ನಾಗರತ್ನ ಮಿಸ್ ಧ್ವನಿಯಿಂದಲೇ ಪ್ರತಿಯೊಬ್ಬಳನ್ನೂ ಗುರುತಿಸಿ ಹೆಸರು ಹಿಡಿದು ಕರೆಯುತ್ತಿದ್ದರು. ಹಿಂದಿನ ಬೆಂಚಿನ ತಾಯಂದಿರೂ ಬೋರ್ಡಿನ ಮೇಲೆ ತಪ್ಪು ಹುಡುಕುತ್ತಿದ್ದರು.

ಅಷ್ಟರಲ್ಲಿ ಬೋರ್ಡು ನಿಂತುಹೋಯಿತು. ಪುಟ ಅಲ್ಲೇ ಸಿಕ್ಕಿಕೊಂಡಿತು, ಮುಟ್ಟಿದರೂ ಅಲುಗದು. ಕಂಪನಿಯ ಯುವಕ ಸಹಾಯ ಮಾಡಲು ಎದ್ದ. ಭೂಮಿಕಾಳೂ ಬೆಂಚಿನಿಂದ ಅರ್ಧ ಎದ್ದಳು, ಆಮೇಲೆ ತಾನಾಗಿ ಕುಳಿತಳು.

"ಕೂತ್ಕೊಳ್ಳಿ ಸಾರ್, ನಾನ್ ನೋಡ್ತೀನಿ" ಎಂದರು ನಾಗರತ್ನ ಮಿಸ್. ಬೋರ್ಡಿನ ಅಂಚನ್ನು ಬೆರಳಿನಿಂದ ಸವರಿ ಗುಂಡಿ ಹುಡುಕಿ ಒತ್ತಿ ಹಿಡಿದರು. ಅದು ಆರಿ ಹೊತ್ತಿಕೊಳ್ಳುವವರೆಗೆ ಮಕ್ಕಳಿಗೆ ಬಾಯಿಲೆಕ್ಕ ಕೊಟ್ಟರು. ಫೋನು ಮತ್ತೆ ಸೇರಿಸಿದರು. ಪುಟ ಬಂತು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾಕೆಂದರೆ ಮಕ್ಕಳಿಗೆ ಅದು ದಿನನಿತ್ಯದ ಸಂಗತಿಯಾಗಿತ್ತು. ಆ ಯುವಕ ಮಾತ್ರ ನಿಂತೇ ಇದ್ದ.

ಪಾಠ ಮುಗಿಯುತ್ತ ಬಂದಾಗ ಚಿಕ್ಕಣ್ಣನವರು ಗಂಟಲು ಸರಿಮಾಡಿಕೊಂಡರು. "ಮೇಡಂ, ನಾನೊಂದ್ ಕೇಳ್ಬೋದಾ? ನಂದೊಂದ್ ಜಾಗ ಇದೆ, ಒಂದೊಂದ್ ಕಡೆ ಒಂದೊಂದ್ ಅಳತೆ, ಸೊಟ್ಟ. ನಾಲ್ಕ್ ಬದಿ ಅಳತೆ ಕೊಟ್ರೆ ವಿಸ್ತೀರ್ಣ ಇಷ್ಟೇ ಅಂತ ಹೇಳಕ್ಕಾಗುತ್ತಾ?"

ನಾಗರತ್ನ ಮಿಸ್, "ಏನ್ ಹೇಳ್ತೀರಮ್ಮ?" ಎಂದು ಮಕ್ಕಳನ್ನು ಕೇಳಿದರು.

ಲಾವಣ್ಯ ಎದ್ದು "ಆಗುತ್ತೆ" ಎಂದಳು. ಭೂಮಿಕಾ ಎದ್ದು "ಆಗಲ್ಲ" ಎಂದಳು.

"ಆಗಲ್ಲ ಅನ್ನೋರು ಬಂದು ತೋರಿಸ್ಲಿ."

ಭೂಮಿಕಾ ಬೋರ್ಡಿನ ಹತ್ತಿರ ಬಂದಳು. ನಾಲ್ಕು ಬದಿಯ ಒಂದು ಆಕೃತಿ ಬರೆದು, ಬದಿಗಳ ಅಳತೆ ಬದಲಾಗದಂತೆ ಕಟ್ಟಿದಳು. ಆಮೇಲೆ ಒಂದು ಮೂಲೆ ಹಿಡಿದು ಎಳೆದಳು. ಆಕೃತಿ ವಾಲಿತು, ಮತ್ತೂ ವಾಲಿತು, ಕೊನೆಗೆ ಕಡ್ಡಿಯಂತೆ ಚಪ್ಪಟೆಯಾಯಿತು. "ಸಾರ್, ಬದಿ ಎಲ್ಲಾ ಮೊದಲಿದ್ದಷ್ಟೇ ಇದೆ. ಜಾಗ ಮಾತ್ರ ಹೋಯ್ತು. ಅದಕ್ಕೆ ಮೂಲೆಯಿಂದ ಮೂಲೆಗೆ ಒಂದ್ ಅಳತೆ ಬೇಕು. ಆಗ ಎರಡು ತ್ರಿಭುಜ ಆಗುತ್ತೆ, ಅದು ಅಲ್ಲಾಡಲ್ಲ. ಒಂದೊಂದ್ರದ್ದು ಕಂಡುಹಿಡಿದು ಕೂಡಿಸ್ಬೇಕು." ಒಂದು ಮೆಟ್ಟಿಲನ್ನೂ ಹಾರದೆ ಹೇಳಿದಳು.

ಚಿಕ್ಕಣ್ಣನವರು ಬೋರ್ಡನ್ನೇ ನೋಡುತ್ತ ಕುಳಿತಿದ್ದರು. "ಅದಕ್ಕೇ ಆ ಸರ್ವೆಯರ್ರು ಮೂಲೆಯಿಂದ ಮೂಲೆಗೆ ಚೈನ್ ಎಳೀತಿದ್ದ" ಎಂದರು ಮೆಲ್ಲಗೆ. "ನಮ್ಮಪ್ಪನ ಕಾಲದಿಂದ ನೋಡ್ತಿದೀನಿ, ಯಾಕೆ ಅಂತ ಇವತ್ತು ಗೊತ್ತಾಯ್ತು." ಆಮೇಲೆ ಕಂಪನಿಯವನ ಕಡೆ ತಿರುಗಿ, "ನಿಮ್ ವಿಡಿಯೊಗೆ ಈ ಪ್ರಶ್ನೆ ಕೇಳಿದ್ರೆ ಹೇಳುತ್ತೇನಪ್ಪ?" ಎಂದರು.

"ಇಲ್ಲ ಸಾರ್, ಅದು ರೆಕಾರ್ಡೆಡ್" ಎಂದ ಅವನು.

"ಹಂಗಾರೆ ಬುಡಿ" ಎಂದರು ಚಿಕ್ಕಣ್ಣನವರು. ಎದ್ದು ಹೊರಡುವಾಗ ನಾಗರತ್ನ ಮಿಸ್ ಎದುರು ನಿಂತು ಕೈಮುಗಿದರು. "ಮೇಡಂ, ಕಣ್ಣಿನ್ ವಿಷ್ಯ ಮೊದಲೇ ಹೇಳಿದ್ರೆ ನಾನ್ ಲೈಬ್ರರಿ ಮಾತೇ ಎತ್ತುತಿರ್ಲಿಲ್ಲ."

"ಮೊದಲೇ ಹೇಳಿದ್ರೆ ನೀವು ಲೈಬ್ರರಿ ಮಾತೇ ಎತ್ತುತಿದ್ರಿ ಸಾರ್" ಎಂದರು ನಾಗರತ್ನ ಮಿಸ್. ಚಿಕ್ಕಣ್ಣನವರು ಹೌದೆಂದು ತಲೆಯಾಡಿಸಿ ನಕ್ಕರು.

ಆ ಸುದ್ದಿ ಹೇಗೋ ಹಬ್ಬಿತು. ಮುಂದಿನ ವರ್ಷ ಜಯನಗರ, ಬಿ.ಟಿ.ಎಂ. ಕಡೆಯ ಶಾಲೆಗಳಿಂದ ಟೀಚರುಗಳು ಶನಿವಾರ ನಮ್ಮಲ್ಲಿಗೆ ಬರತೊಡಗಿದರು. ಬೆಂಚಿನ ಮೇಲೆ ಅವರು, ಪಕ್ಕದಲ್ಲಿ ನಿಂತು ಹೇಳುವವರು ನಮ್ಮ ಹುಡುಗಿಯರು. ಗೋಪಾಲಯ್ಯ ಸರ್ ಬಾಗಿಲಲ್ಲಿ ನಿಂತು ಬಂದವರನ್ನೆಲ್ಲ ಸ್ವಾಗತಿಸಿ, "ನಾಚ್ಕೋಬೇಡಿ, ನಾನೂ ಇವ್ರ ಹತ್ರಾನೇ ಕಲ್ತಿದ್ದು" ಎನ್ನುತ್ತಿದ್ದರು.

ಸ್ವಾತಿ, ನಿನಗೆ ಹೇಳಬೇಕಾದದ್ದು ಇಷ್ಟೇ. ನಮಗಿಂತ ಮಕ್ಕಳಿಗೆ ಹೆಚ್ಚು ತಿಳಿದದ್ದು ಅದೇ ಮೊದಲೇನಲ್ಲ. ಆದರೆ ತಿಳಿದದ್ದನ್ನು ಮತ್ತೊಬ್ಬರಿಗೆ ದಾಟಿಸುವ ಅವಕಾಶವನ್ನು ನಾವು ಅವರಿಗೆ ಕೊಟ್ಟಿರಲಿಲ್ಲ. ಕೊಟ್ಟಾಗ ಅವರೂ ಬೆಳೆದರು, ನಾವೂ ಬದುಕಿಕೊಂಡೆವು. ನಿನ್ನ ಪ್ರೊಜೆಕ್ಟರ್ ಸರಿಮಾಡುವ ಹುಡುಗಿಯನ್ನು ನಾಳೆ ಕರೆದು, ಹೇಗೆ ಮಾಡಿದೆ ಎಂದು ಕೇಳು. ಅವಳು ಹೇಳುವುದನ್ನು ಕೇಳುತ್ತಿದ್ದರೆ ಅವಳಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂಬುದು ನಿನಗೇ ಕಾಣುತ್ತದೆ. ನೀನು ಅಲ್ಲಿ ನಿಂತಿರುವುದು ಅದಕ್ಕೆ.

ಭೂಮಿಕಾಳ ತಂಡ ಹತ್ತನೇ ತರಗತಿಯ ಪರೀಕ್ಷೆ ಬರೆದು ಮುಗಿಸಿತು. ಫಲಿತಾಂಶದ ದಿನ ಬೇಸಿಗೆ ರಜೆಯಿದ್ದರೂ ನಾವೆಲ್ಲ ಸ್ಟಾಫ್ ರೂಮಿನಲ್ಲಿ ಸೇರಿದ್ದೆವು. ಹೊರಗೆ ಅಂಗಳದಲ್ಲಿ ಹುಡುಗಿಯರು, ಅವರ ತಾಯಂದಿರು. ಶಾಲೆಯ ಪಟ್ಟಿ ಬಂದ ಕೂಡಲೇ ಶಶಿಕಲಾ ಮೇಡಂ ಅದನ್ನು ನಾಗರತ್ನ ಮಿಸ್ ಫೋನಿಗೆ ಕಳಿಸಿದರು. "ಗಣಿತದ್ದು ನೀವೇ ಓದಿ" ಎಂದರು.

ಯಾವ ವರ್ಷವೂ ಎಲ್ಲರೂ ಗಣಿತದಲ್ಲಿ ಪಾಸಾದದ್ದಿಲ್ಲ. ಒಬ್ಬಿಬ್ಬರು ಫೇಲಾಗಿ ಉಳಿಯುವುದು, ಆ ಒಬ್ಬಿಬ್ಬರ ಮನೆಗೆ ಸಂಜೆ ನಾಗರತ್ನ ಮಿಸ್ ಹೋಗಿ ಬರುವುದು ಪ್ರತಿ ವರ್ಷ ಇದ್ದದ್ದೇ.

ಅವರು ಕಿಟಕಿಯ ಹತ್ತಿರ ಹೋಗಿ ನಿಂತರು. ಮುಖ ಸ್ವಲ್ಪ ಓರೆ ಮಾಡಿ, ಹಳದಿ ಅಕ್ಷರಗಳನ್ನು ಒಂದೊಂದಾಗಿ ಸರಿಸುತ್ತ, ಅಂಗಳಕ್ಕೆ ಕೇಳುವಂತೆ ಓದತೊಡಗಿದರು. ಒಂದು ಹೆಸರು, ಅದರ ಹಿಂದೆ "ಪಾಸ್". ಪ್ರತಿ ಹೆಸರಿಗೂ ಹೊರಗಿನಿಂದ ಸಣ್ಣ ಕೂಗು. ಭೂಮಿಕಾಳ ಹೆಸರು ಬಂದಾಗ ಅವರು ಪಾಸ್ ಎನ್ನಲಿಲ್ಲ. ಅಂಕ ಓದಿದರು, ತೊಂಬತ್ತರ ಮೇಲಿತ್ತು. ಅವಳ ತಾಯಿ ಅಂಗಡಿಯಿಂದ ಹಾಗೇ ಓಡಿಬಂದಿದ್ದರು, ಬೆರಳಿಗೆಲ್ಲ ಜೆರಾಕ್ಸ್ ಮಸಿ. ಆ ಕೈಯಲ್ಲೇ ಮಗಳ ಕೆನ್ನೆ ಹಿಡಿದರು. ನಾಗರತ್ನ ಮಿಸ್ ನಿಲ್ಲದೆ ಮುಂದೆ ಓದಿದರು. ಪುಟ ಸರಿಯುತ್ತ ಹೋಯಿತು. ಕೊನೆಯ ಹೆಸರು ಓದಿದ ಮೇಲೆ ಅವರು ಬೆರಳಿನಿಂದ ಪರದೆಯನ್ನು ಇನ್ನೂ ಒಮ್ಮೆ ಮೇಲಕ್ಕೆ ತಳ್ಳಿದರು. ಅದು ಅಲ್ಲಿಗೇ ನಿಂತಿತು. ಮತ್ತೊಮ್ಮೆ ತಳ್ಳಿ ನೋಡಿದರು.

"ಮುಗೀತು" ಎಂದರು ನಮ್ಮ ಕಡೆ ತಿರುಗಿ. "ಈ ಸಲ ಯಾರೂ ಉಳಿದಿಲ್ಲ."